ಪರಕಾಯ ಪ್ರವೇಶ

ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ಕೈಗೆ ಬೆಸುಗೆಯ ಕಡ್ಡಿ ಒಪ್ಪುವುದಿಲ್ಲವೆಂದು ನನ್ನ ಮನೆಯಾಕೆ ಹೇಳಿದಾಗ ನಾನು ಪ್ರತಿವಾದ ಹೂಡಲಿಲ್ಲ. ಹೆಬ್ಬೆರಳಿನ ತುದಿಯಲ್ಲಿ ಆಗಲೇ ಒಂದು ಬೊಬ್ಬೆ ಎದ್ದು ಅವಳ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. ಆದರೂ ಕಳೆದ ಮಳೆಗಾಲದ ಭಾನುವಾರಗಳನ್ನೆಲ್ಲ ನಾನು ಕಳೆದುದು ಆ ಕಡ್ಡಿಯೊಡನೆಯೇ. ಕೈಯಲ್ಲಿ ಹಿಡಿದು ಆಡುವಂಥ ಹಳೆಯ ಬಗೆಯ ವಿಡಿಯೊ ಗೇಮ್ ಯಂತ್ರವೊಂದನ್ನು ಮನೆಯಲ್ಲಿಯೇ ಕಟ್ಟಬೇಕೆಂಬುದು ನನ್ನ ಹಟವಾಗಿತ್ತು. ನಲವತ್ತನ್ನು ದಾಟಿದ ಕನ್ನಡ ಅಧ್ಯಾಪಕನಿಗೆ ಈ ಹುಚ್ಚು ಏಕೆಂದು ವಾಚಕರು ಕೇಳಬಹುದು. ಅದನ್ನು ಹೇಳಬೇಕಾದರೆ ಕುಳಗಿಯಿಂದ ತೊಡಗಬೇಕು.

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ, ನಮ್ಮ ಕುಳಗಿ. ಪ್ರವಾಸಿಗರು ಅದನ್ನು ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವೆಂದು ಬಲ್ಲರು. ಮಂಗಟ್ಟೆ ಹಕ್ಕಿಯನ್ನು ನೋಡಿ, ಫೋಟೋ ತೆಗೆದು ಹಿಂದಿರುಗುವರು. ನಮಗೆ ಅದು ಹಂಚಿನ ಮನೆ, ಜಿಗಣೆ, ನಾಲ್ಕು ತಿಂಗಳ ಮಳೆ. ಕಾಳಿಯ ನೀರಿನಿಂದ ನಾಗಝರಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರಾಯಿತು, ನಮ್ಮ ಮನೆಯಲ್ಲಿ ಚಿಮಣಿ ದೀಪವೇ ಗತಿ.

1996ರಲ್ಲಿ ಅಪ್ಪ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯೊಂದನ್ನು ತಂದರು. ಅದನ್ನು ತಂದುದು ತಮ್ಮನಿಗೆ. ಅವನಿಗೆ ಆಗ ಹನ್ನೊಂದು, ನನಗೆ ಹದಿನೈದು. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ಯಂತ್ರದ ಅಗ್ಗದ ಅನುಕರಣೆ ಅದು. ಅಂಥವು ಆ ಕಾಲದಲ್ಲಿ ನಮ್ಮ ಪೇಟೆಗಳಲ್ಲಿ ಧಾರಾಳವಾಗಿ ಸಿಕ್ಕುತ್ತಿದ್ದವು. ತಮ್ಮ ಆಡುತ್ತಿದ್ದ, ನನಗೋ ಆಟಕ್ಕಿಂತ ಅದರ ಹೊಟ್ಟೆಯೊಳಗೆ ಏನಿದೆ ಎಂಬ ಕುತೂಹಲ ಹೆಚ್ಚು. ಒಂದು ಮಧ್ಯಾಹ್ನ ಯಾರೂ ಇಲ್ಲದ ವೇಳೆ ನೋಡಿ ಬಿಚ್ಚಿದೆ. ಒಳಗೆ ಗಾಲಿಯಿಲ್ಲ, ಹಲ್ಲಿಲ್ಲ. ಒಂದು ಹಸಿರು ಹಲಗೆ, ಅದರ ನಡುವೆ ಡಾಂಬರಿನ ಹನಿಯಂಥ ಒಂದು ಕಪ್ಪು ಬೊಟ್ಟು. ಇಷ್ಟೆಯೆ ಎಂದು ನಿರಾಶನಾಗಿ ಮುಚ್ಚುವಾಗ ಕೆಂಪು ತಂತಿಯೊಂದು ಕಿತ್ತು ಕೈಗೆ ಬಂದಿತು.

ಅಂದು ಸಂಜೆ ಗುಡುಗು ಸಿಡಿಲು. ಮರುದಿನ ಯಂತ್ರ ಸತ್ತಿತ್ತು. “ಸಿಡಿಲಿಗೆ ಸುಟ್ಟಿರಬೇಕು” ಎಂದೆ ನಾನು. “ಪ್ಲಗ್ ತೆಗೀದ ಬಿಟ್ಟಾಂವ ಯಾರು?” ಎಂದರು ಅಪ್ಪ. ನಾನು ಸುಮ್ಮನಿದ್ದೆ. ಕೊನೆಗೆ ಆಡಿದವನು ತಮ್ಮ. ಏಟುಗಳು ಅವನಿಗೆ ಬಿದ್ದವು. ಸುಳ್ಳು ಒಂದೇ ಮಾತಿನದು, ಮೌನ ಸುಮಾರು ಮೂವತ್ತು ವರ್ಷದ್ದು. ಅಪ್ಪ ಈಗ ಇಲ್ಲ.

ಯಂತ್ರ ಕಟ್ಟುವ ವಿದ್ಯೆಯನ್ನು ನನಗೆ ಹೇಳಿಕೊಟ್ಟವರು ಭೌತಶಾಸ್ತ್ರದ ಅಧ್ಯಾಪಕ ಮಿತ್ರರು. ಯಂತ್ರದ ತಲೆಯೆಂದರೆ ‘ರಾಸ್ಪ್‌ಬೆರಿ ಪೈ ಜೀರೊ’ ಎಂಬ ಗಣಕ. 2015ರಲ್ಲಿ ಇಂಗ್ಲೆಂಡಿನಲ್ಲಿ ಐದು ಡಾಲರಿಗೆ ಹೊರಬಂದುದು, ಎರಡು ಬೆರಳಿನಗಲದ್ದು. ಅದಕ್ಕೊಂದು ಪುಟ್ಟ ಪರದೆ, ಒಂದು ಲಿಥಿಯಂ ಬ್ಯಾಟರಿ, ಬ್ಯಾಟರಿಯ ಒತ್ತಡವನ್ನು ಐದು ವೋಲ್ಟಿಗೆ ಏರಿಸುವ ಒಂದು ಚೂರು, ಎಂಟು ಗುಂಡಿ. ಗುಂಡಿಯ ಒಂದು ಕಾಲು ಗಣಕದ ಸೂಜಿಗೆ, ಇನ್ನೊಂದು ಕಾಲು ಭೂತಂತಿಗೆ. ಒತ್ತಿದಾಗ ಎರಡೂ ಕೂಡಿ ಗಣಕಕ್ಕೆ ಸುದ್ದಿ ಮುಟ್ಟುತ್ತದೆ.

ಆದರೆ ಹೊಸ ಗಣಕಕ್ಕೆ ಹಳೆಯ ಯಂತ್ರದ ಭಾಷೆ ಬಾರದು. ಇಲ್ಲಿಯೇ ನನಗೆ ರೋಮಾಂಚವಾದುದು. ನಡುವೆ ಒಂದು ಕ್ರಮವಿಧಿಯನ್ನು ಕೂಡಿಸುತ್ತಾರೆ. ಹಳೆಯ ಯಂತ್ರ ಯಾವ ಆಜ್ಞೆಗೆ ಏನು ಮಾಡುತ್ತಿತ್ತೋ ಅದನ್ನೇ ಅದು ಒಂದೊಂದಾಗಿ ಓದಿ, ತನ್ನ ಭಾಷೆಯಲ್ಲಿ ಮಾಡಿ ತೋರಿಸುತ್ತದೆ. ಹಳೆಯದರ ನೆನಪಿನ ಮನೆಗಳನ್ನೆಲ್ಲ ಲೆಕ್ಕವಿಟ್ಟು, ಸೆಕೆಂಡಿಗೆ ಅರವತ್ತು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ಕೇಳಿದ್ದೇವಷ್ಟೆ. ಇದು ಅದೇ. ಹಳೆಯ ಯಂತ್ರದ ನೆನಪಿನ ಶಕ್ತಿ 2 ಕಿಲೊಬೈಟು. ಹೊಸದರದು 512 ಮೆಗಾಬೈಟು, ಎಂದರೆ 2,62,144 ಪಾಲು. ಅಷ್ಟು ದೊಡ್ಡ ದೇಹವನ್ನು ಹೊಕ್ಕ ಆ ಪುಟ್ಟ ಜೀವ ತನ್ನ ಬಡತನವನ್ನೇ ನಂಬಿ ಆಡುತ್ತದೆ.

ಹಳೆಯ ಆಟಗಳಿಗೆ ಹಕ್ಕುದಾರರಿದ್ದಾರೆ. ಕೃತಿಸ್ವಾಮ್ಯದ ಬೆಲೆಯನ್ನು ಪಠ್ಯಪುಸ್ತಕ ಬರೆದ ನಾನು ಅರಿಯದವನಲ್ಲ. ಆದುದರಿಂದ ಹವ್ಯಾಸಿಗಳು ಆ ಯಂತ್ರಕ್ಕಾಗಿಯೇ ಈಚೆಗೆ ಬರೆದು ಉಚಿತವಾಗಿ ಬಿಟ್ಟುಕೊಟ್ಟ ಆಟವೊಂದನ್ನು ಆರಿಸಿಕೊಂಡೆ.

ಮೈಯ ಪ್ರಶ್ನೆ ಉಳಿಯಿತು. ಕುಳಗಿಯಲ್ಲಿ ಕಟ್ಟಿಗೆಗೆ ಬರವಿಲ್ಲ, ಮುಟ್ಟುವಂತಿಲ್ಲ ಅಷ್ಟೆ; ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹಳೆಯ ಮನೆಯ ಮುರಿದ ಕಿಟಕಿಯ ಹಲಸಿನ ಹಲಗೆಯನ್ನು ಬಡಿಗರು ಕೊರೆದುಕೊಟ್ಟರು. 1989ರಲ್ಲಿ ‘ಗೇಮ್ ಬಾಯ್’ ಎಂಬ ಕೈಯಂತ್ರವನ್ನು ಹೊರತಂದ ಗುನ್ಪೇಯಿ ಯೊಕೊಯಿ ಎಂಬ ಜಪಾನಿ, ಹಳತಾಗಿ ಪಳಗಿದ ಅಗ್ಗದ ಸಾಮಗ್ರಿಯಿಂದಲೇ ಹೊಸ ಸಂತೋಷವನ್ನು ಹುಟ್ಟಿಸಬೇಕೆಂದು ನಂಬಿದವನು. ನನ್ನ ಕಿಟಕಿಯ ಹಲಗೆಯನ್ನು ಅವನು ಮೆಚ್ಚುತ್ತಿದ್ದನೇನೋ!

ಮೊದಲ ಸಲ ಹಚ್ಚಿದಾಗ ಪರದೆ ಬೆಳಗಲಿಲ್ಲ. ಬೆಸುಗೆ ಸರಿಯಾಗಿ ಕರಗಿರಲಿಲ್ಲ. ಎರಡನೆಯ ಸಲ ಬೆಳಗಿತು, ಆದರೆ ಬಲಕ್ಕೆ ಒತ್ತಿದರೆ ನಾಯಕ ಎಡಕ್ಕೆ ನಡೆದ, ತಂತಿಗಳು ಅದಲುಬದಲಾಗಿದ್ದವು. ಮೂರನೆಯ ಸಲ ನಡೆಯಬೇಕಾದಂತೆ ನಡೆದ. ದನಿ ಮಾತ್ರ ನನ್ನಿಂದ ಆಗಲಿಲ್ಲ. ಯಂತ್ರ ಮೂಕವಾಗಿಯೇ ಉಳಿಯಿತು. ಆ ರಾತ್ರಿ ಒಂದು ವಿಷಯ ಹೊಳೆದು ನಿದ್ದೆ ಬರಲಿಲ್ಲ: ಅಂದು ಕಿತ್ತುಬಂದ ಕೆಂಪು ತಂತಿಯನ್ನು ಸರಿಪಡಿಸುವುದು ಐದು ನಿಮಿಷದ ಬೆಸುಗೆಯ ಕೆಲಸ. ನಾನು ಬಾಯಿ ಬಿಟ್ಟಿದ್ದರೆ ದಾಂಡೇಲಿಯ ಯಾವ ರೇಡಿಯೊ ರಿಪೇರಿಯವನೂ ಮಾಡಿಕೊಡುತ್ತಿದ್ದ.

ದೀಪಾವಳಿಗೆ ತಮ್ಮ ಬೆಂಗಳೂರಿನಿಂದ ಬಂದ. ಊಟವಾದ ಮೇಲೆ ಯಂತ್ರವನ್ನು ಅವನ ಕೈಯಲ್ಲಿಟ್ಟೆ; ಕಥೆಯನ್ನೂ ಹೇಳಿದೆ. ಸಿಡಿಲು, ಪ್ಲಗ್, ಕೆಂಪು ತಂತಿ, ಏಟು ಎಲ್ಲವನ್ನೂ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಹಲಸಿನ ಹಲಗೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

“ಬಡಿಸಿಕೊಂಡದ್ದು ಮರ್ತೇನಿ, ಅಣ್ಣಾ” ಎಂದ ಕೊನೆಗೆ. “ಆದ್ರ ಅವತ್ತ ನನ್ನ ಯಾಕ ಕರೀಲಿಲ್ಲ? ಇಬ್ಬರೂ ಕೂಡಿ ಬಿಚ್ಚತಿದ್ವಿ. ಅದರಾಗ ಏನೈತಿ ಅಂತ ನನಗೂ ನೋಡೂದಿತ್ತು.”

ನನ್ನಲ್ಲಿ ಉತ್ತರವಿರಲಿಲ್ಲ. ಒಳಗೆ ಹೋಗಿ ಸ್ಕ್ರೂ ತಿರುಗಣೆಯನ್ನು ತಂದೆ. ಜಗುಲಿಯ ಮೇಲೆ ಪಂಚೆ ಹಾಸಿ, ಹಣತೆಗಳ ಬೆಳಕಿನಲ್ಲಿ, ಮೂರು ತಿಂಗಳು ಕೂಡಿಸಿದ್ದನ್ನು ಇಬ್ಬರೂ ಸೇರಿ ಒಂದೊಂದೇ ಸ್ಕ್ರೂ ತೆಗೆದು ಬಿಚ್ಚಿದೆವು. ಪ್ರತಿಯೊಂದು ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವನು ಕೇಳಿದ, ನಾನು ಹೇಳಿದೆ. ಮತ್ತೆ ಮುಚ್ಚುವಾಗ ಕೆಂಪು ತಂತಿಯನ್ನು ಅವನೇ ಬೆರಳಿನಿಂದ ಒತ್ತಿ ಹಿಡಿದಿದ್ದ. ಆಮೇಲೆ ಆಟಕ್ಕೆ ಕುಳಿತ. ಮೂಕ ಯಂತ್ರಕ್ಕೆ ದನಿಯನ್ನು ಅವನೇ ಬಾಯಿಯಿಂದ ತುಂಬುತ್ತಿದ್ದ, ಹನ್ನೊಂದು ವರ್ಷದ ಹುಡುಗನಂತೆ.