ಹೆಗ್ಗಣಗಳ ಸಂಖ್ಯೆ ಯಾರ ಕೈಯಲ್ಲಿದೆ?

ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಎಂದರೆ ಮೈಸೂರಿನವರಿಗೆ ಮೊದಲು ನೆನಪಾಗುವುದು ದುರ್ವಾಸನೆ. ಊರಿನ ಕಸ ಬಂದು ಬೀಳುವ ಇಂಥ ಜಾಗದಲ್ಲಿ ವರ್ಷವಿಡೀ ಮುಗಿಯದ ಊಟವಿದೆ, ಬಿಲ ತೋಡಲು ಸಡಿಲ ನೆಲವಿದೆ, ನೀರೂ ಇದೆ. ಹೆಗ್ಗಣಕ್ಕೆ ಇನ್ನೇನು ಬೇಕು?

ನಮ್ಮ ಚಿಕ್ಕ ಹೆಗ್ಗಣ, ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್, ಗದ್ದೆಯಲ್ಲೂ ಇರುತ್ತದೆ, ಪೇಟೆಯಲ್ಲೂ ಇರುತ್ತದೆ. ಭತ್ತದ ತೆನೆ ಕತ್ತರಿಸಿ ಬಿಲದೊಳಗೆ ಕೂಡಿಡುವ ಇದರ ಕಸುಬು ರೈತರಿಗೆ ಚೆನ್ನಾಗಿ ಗೊತ್ತು. ಗದ್ದೆಯಲ್ಲಿ ಇದರ ಸಂಖ್ಯೆ ಬೆಳೆಯ ಜೊತೆ ಏರಿ, ಕೊಯ್ಲಿನ ನಂತರ ಇಳಿಯುತ್ತದೆ. ಕಸದ ರಾಶಿಗೆ ಕೊಯ್ಲೆಂಬುದೇ ಇಲ್ಲ. ಹೆಣ್ಣು ಹೆಗ್ಗಣ ಸುಮಾರು ಮೂರು ವಾರ ಗಬ್ಬವಿದ್ದು, ಒಂದು ಸೂಲಿಗೆ ಸಾಮಾನ್ಯವಾಗಿ ಆರೇಳು ಮರಿ ಹಾಕುತ್ತದೆ. ಕೆಲವೇ ತಿಂಗಳಲ್ಲಿ ಆ ಮರಿಗಳೂ ತಾಯಂದಿರಾಗುತ್ತವೆ. ಆದರೂ ಊರು ಹೆಗ್ಗಣಮಯವಾಗಿಲ್ಲ, ಏಕೆಂದರೆ ಹೆಚ್ಚಿನವು ವರ್ಷ ತುಂಬುವ ಮೊದಲೇ ಸಾಯುತ್ತವೆ. ಒಂದು ಜಾಗದ ಆಹಾರ ಮತ್ತು ಆಸರೆ ಎಷ್ಟನ್ನು ಸಾಕಬಲ್ಲವೋ ಸಂಖ್ಯೆ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಧಾರಣಾ ಸಾಮರ್ಥ್ಯ ಎನ್ನುತ್ತಾರೆ.

ನೆಲದಡಿ ಅಡಗಿರುವ ಪ್ರಾಣಿಯನ್ನು ಎಣಿಸುವ ಉಪಾಯ ಸೊಗಸಾಗಿದೆ. 20 ಹೆಗ್ಗಣ ಹಿಡಿದು ಗುರುತು ಹಾಕಿ ಬಿಡಿ. ಮತ್ತೆ ಬೋನಿಟ್ಟಾಗ ಸಿಕ್ಕ 30ರಲ್ಲಿ 6ಕ್ಕೆ ಗುರುತಿದ್ದರೆ, ಅಂದರೆ ಐದರಲ್ಲೊಂದಕ್ಕೆ, ಅಲ್ಲಿರುವುದು ಸುಮಾರು 100.

ಹಾಗಾದರೆ ವಿಷವಿಟ್ಟು ಅರ್ಧಕ್ಕರ್ಧ ಕೊಂದರೆ? ಉಳಿದವಕ್ಕೆ ಊಟ, ಬಿಲ ಎರಡೂ ಧಾರಾಳ. ಹೆಚ್ಚು ಮರಿಗಳು ಬದುಕುತ್ತವೆ, ಅಕ್ಕಪಕ್ಕದವೂ ನುಗ್ಗುತ್ತವೆ. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ಕಂದು ಇಲಿಗಳಲ್ಲಿ ಕಂಡದ್ದೂ ಇದನ್ನೇ. ಕೊಂದಲ್ಲಿ ಇಲಿ ಮರಳಿತು, ಕಸ ಮತ್ತು ಅಡಗುತಾಣ ತೆಗೆದಲ್ಲಿ ಸಂಖ್ಯೆ ಇಳಿದು ನಿಂತಿತು. ವಿಷ ತಿಂದ ಇಲಿಯನ್ನು ತಿಂದು ಕಣಜ ಗೂಬೆ ಸಾಯುವ ಅಪಾಯ ಬೇರೆ. ಹೆಗ್ಗಣವನ್ನು ಪುಕ್ಕಟೆಯಾಗಿ ಹಿಡಿಯುವ ಗೂಬೆಯನ್ನೇ ಕಳೆದುಕೊಳ್ಳುವುದು ನನಗೆ ತೀರಾ ಬೇಸರದ ಸಂಗತಿ.

ಮೈಸೂರಿಗೆ ಈ ಪಾಠ ಹೊಸದಲ್ಲ. ಇಲಿಗಳಿಂದ ಹರಡುವ ಪ್ಲೇಗು 1898ರಲ್ಲಿ ಕೊಟ್ಟ ಹೊಡೆತದ ನಂತರ, 1903ರಲ್ಲಿ, ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಕಟ್ಟುವ ಕೆಲಸ ಅದರದ್ದಾಗಿತ್ತು.

ಇಂದು ಇಲಿಜ್ವರದ ಭಯವಿದೆ. ಪಾಷಾಣ ಕೊಳ್ಳುವ ಮೊದಲು ಹಸಿ ಕಸವನ್ನು ಬೇರೆ ಮಾಡಿ ಕೊಡಿ, ಬೀದಿಯ ಚರಂಡಿಯ ಒಡೆದ ಚಪ್ಪಡಿ ಮುಚ್ಚಿಸಲು ಪಾಲಿಕೆಯನ್ನು ಬೆನ್ನುಹತ್ತಿ ಕೇಳಿ.