ಅಟ್ಟದ ಏರಿಯಲ್ಲೂ ಅಂಗಳದ ತಟ್ಟೆಯೂ

ಊರಿಗೆ ಹೋಗುವ ರಜೆಯು ಸಮೀಪಿಸಿತೆಂದರೆ ನಮ್ಮ ಹೋಟೆಲು ಬಂಧುಗಳೂ ಕಚೇರಿಯ ಗುಮಾಸ್ತರೂ ಕೊಂಡೊಯ್ಯಬೇಕಾದ ಸಾಮಾನುಗಳ ಪಟ್ಟಿಯನ್ನು ಸಿದ್ಧಪಡಿಸತೊಡಗುತ್ತಾರೆ. ತಾಯಿಗೆ ಸೀರೆ, ತಂದೆಗೆ ಪಂಚೆ, ಇವುಗಳೊಡನೆ ಮನೆಗೊಂದು ಟಿ.ವಿ.ಯೂ ಆ ಪಟ್ಟಿಯಲ್ಲಿ ಸೇರುವುದು ಅಪರೂಪವಲ್ಲ. ಟಿ.ವಿ.ಯನ್ನು ಕೊಳ್ಳುವುದು ಸುಲಭ. ಅದರಲ್ಲಿ ಚಿತ್ರವು ವರ್ಷವಿಡೀ ತಪ್ಪದೆ ಬರುವಂತೆ ಮಾಡುವುದು ಬೇರೆಯೇ ಮಾತು. ಮಗನು ಮುಂಬಯಿಗೆ ಮರಳಿದ ಮೇಲೆ ಮಳೆಗಾಲದ ಮೊದಲ ವಾರದಲ್ಲಿಯೇ ಪರದೆಯು ಬರಿದಾದರೆ, ಏಣಿ ಹತ್ತಲಾರದ ವೃದ್ಧರು ಯಾರನ್ನು ಕರೆಯಬೇಕು? ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಕರಾವಳಿಯ ಗಾಳಿಮಳೆಯನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆಯೊಂದಿದೆ. ಹಂಚಿನ ಮಾಡಿನ ಕೆಳಗೆ ಅಟ್ಟವು ಖಾಲಿ ಬಿದ್ದಿರುವಾಗ, ತಟ್ಟೆಯನ್ನು ಅಲ್ಲಿಯೇ ಇಡಬಾರದೇಕೆ? ಗಾಳಿಗೆ ಅಲುಗದು, ಮಳೆಗೆ ತುಕ್ಕು ಹಿಡಿಯದು ಎಂಬುದು ಅವರ ವಾದ.

ಈ ವಿಚಾರವು ನಿರಾಧಾರವಾದುದಲ್ಲ. ಬ್ರಿಟನ್ನಿನಲ್ಲಿ ಎಷ್ಟೋ ಮನೆಗಳವರು ಏರಿಯಲನ್ನು ಅಟ್ಟದಲ್ಲಿಯೇ ಕಟ್ಟಿಕೊಂಡಿದ್ದಾರೆ. ಅಲ್ಲಿ ಬಿ.ಬಿ.ಸಿ.ಯು 1936ರಲ್ಲಿ ಪ್ರಸಾರವನ್ನು ಆರಂಭಿಸಿದಾಗ ಚಿತ್ರದ ತರಂಗಾಂತರವು 45 ಮೆಗಾಹರ್ಟ್ಜ್ ಆಗಿತ್ತು. ಆ ತರಂಗದ ಉದ್ದ ಆರೂವರೆ ಮೀಟರಿಗೂ ಮಿಗಿಲು. ಏರಿಯಲಿನ ಕಡ್ಡಿಯು ತರಂಗದ ಅರ್ಧದಷ್ಟಿರಬೇಕಾದುದರಿಂದ ಮೂರು ಮೀಟರಿಗೂ ಹೆಚ್ಚಿನ ಕಡ್ಡಿಯೇ ಬೇಕಾಗುತ್ತಿತ್ತು. 1964ರಲ್ಲಿ ಬಿ.ಬಿ.ಸಿ.ಯ ಎರಡನೆಯ ವಾಹಿನಿಯು ಹೆಚ್ಚಿನ ಕಂಪನದ ತರಂಗಗಳನ್ನು ಬಳಸಿಕೊಂಡು ಹೊರಟಿತು. ಇವುಗಳ ಉದ್ದ ಸುಮಾರು ಅರ್ಧ ಮೀಟರು ಮಾತ್ರ. ಕಡ್ಡಿಯು ಒಂದು ಗೇಣಿಗಿಂತ ತುಸು ದೊಡ್ಡದಾದರೆ ಸಾಕು. ಅಂಥ ಏರಿಯಲು ಅಟ್ಟದಲ್ಲಿ ಸುಖವಾಗಿ ಹಿಡಿಸುತ್ತದೆ. 2012ರಲ್ಲಿ ಹಳೆಯ ಪ್ರಸಾರವು ಪೂರ್ತಿಯಾಗಿ ನಿಂತು ಡಿಜಿಟಲ್ ಪ್ರಸಾರವೊಂದೇ ಉಳಿದ ಮೇಲೂ ಈ ಪದ್ಧತಿ ನಡೆದುಕೊಂಡು ಬಂದಿದೆ. ಆದರೆ ಈ ಸೌಕರ್ಯಕ್ಕೆ ಅವರು ತೆರಬೇಕಾದ ಸುಂಕವೂ ಉಂಟು. ಮಾಡನ್ನು ದಾಟಿ ಬರುವಷ್ಟರಲ್ಲಿ ಸಂಕೇತದ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ನಷ್ಟವಾಗುತ್ತದೆ. ಮಾಡಿನ ಒಳಮೈಗೆ ಲೋಹದ ಹಾಳೆಯನ್ನು ಹೊದಿಸಿದ್ದರೆ, ಅಥವಾ ಏರಿಯಲಿನ ಎದುರಿಗೆ ನೀರಿನ ತೊಟ್ಟಿ ಇದ್ದರೆ ಕೆಲಸವೇ ಕೆಡುತ್ತದೆ.

ನಮ್ಮಲ್ಲಿ ದೂರದರ್ಶನವು 1959ರಲ್ಲಿ ದೆಹಲಿಯಲ್ಲಿಯೂ 1972ರಲ್ಲಿ ಮುಂಬಯಿಯಲ್ಲಿಯೂ 1981ರಲ್ಲಿ ಬೆಂಗಳೂರಿನಲ್ಲಿಯೂ ಪ್ರಾರಂಭವಾಯಿತು. ಚಾಳುಗಳ ಮಾಡಿನ ಮೇಲೆ ಮೀನಿನ ಮುಳ್ಳಿನಂತೆ ಚಾಚಿಕೊಂಡಿದ್ದ ಏರಿಯಲುಗಳನ್ನು ಹಿರಿಯರು ಮರೆತಿರಲಾರರು. ಆ ನೆಲಗೋಪುರಗಳ ಹಳೆಯ ಪ್ರಸಾರವು 2022ರ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗಿದೆ. 2004ರಲ್ಲಿ ಆರಂಭವಾದ, ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಉಚಿತ ತಟ್ಟೆಯ ಸೇವೆಯೇ, ಅಂದರೆ ಡಿ.ಡಿ. ಫ್ರೀ ಡಿಶ್, ಈಗ ಬಡವನ ಏರಿಯಲು. ಚಂದನ ವಾಹಿನಿಯೂ ಅದರಲ್ಲಿ ದೊರೆಯುವುದರಿಂದ ಊರಿನವರಿಗೂ ಹೊರನಾಡಿನ ನಮಗೂ ಅದು ಒಂದೇ ಬಗೆಯಲ್ಲಿ ಉಪಯುಕ್ತ.

ಈ ಸಂಕೇತವು ಬರುವುದು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಲ್ಪಟ್ಟ ಈ ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನೆಲೆಸಿದೆ. ಅದರ ತರಂಗದ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ. ಅಷ್ಟು ದೂರದಿಂದ ಬಳಲಿ ಬರುವ ಇಷ್ಟು ಕಿರಿದಾದ ತರಂಗವು ನೆನೆದ ಹಂಚನ್ನು ತೂರಿ ಬರಲಾರದು. ಎಲೆಗಳ ದಟ್ಟಣೆಯನ್ನೂ ಸಹಿಸದು. ಆದುದರಿಂದ ಬ್ರಿಟನ್ನಿನ ಅಟ್ಟದ ಉಪಾಯವು ನಮ್ಮ ತಟ್ಟೆಗೆ ಸಲ್ಲುವುದಿಲ್ಲ. ತಟ್ಟೆಗೆ ಬಯಲೇ ಬೇಕು.

ಹಾಗಾದರೆ ಎತ್ತ ಮುಖಮಾಡಿ ನಿಲ್ಲಿಸಬೇಕು? ಮುಂಬಯಿಯಿಂದ ನೋಡಿದರೆ ಉಪಗ್ರಹವು ಹೆಚ್ಚುಕಡಿಮೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 58 ಡಿಗ್ರಿ ಎತ್ತರದಲ್ಲಿದೆ. ಉಡುಪಿಯಿಂದ ನೋಡಿದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಹಿರಿಯರು ಅಡುಗೆಮನೆಗೆಂದು ಗೊತ್ತುಮಾಡಿದ ಮೂಲೆಯೇ ಇದು. ನಮ್ಮ ಹೋಟೆಲು ಬಂಧುಗಳಿಗೆ ದಿಕ್ಕನ್ನು ನೆನಪಿಡುವುದು ಕಷ್ಟವಾಗದು. ಉಪಗ್ರಹವು ಇಷ್ಟು ಎತ್ತರದಲ್ಲಿರುವುದು ನಮ್ಮ ಭಾಗ್ಯ. ಊರಿನಲ್ಲಿ ತಟ್ಟೆಗಿಂತ 10 ಮೀಟರು ಎತ್ತರದ ತೆಂಗಿನಮರವು 5 ಮೀಟರಿಗಿಂತ ತುಸು ದೂರದಲ್ಲಿದ್ದರೂ ನೋಟವು ಅದರ ತಲೆಯ ಮೇಲಿಂದ ಹಾದುಹೋಗುತ್ತದೆ. ಗರಿಗಳು ಚಾಚುವುದನ್ನು ನೆನೆದು ಇನ್ನೆರಡು ಮೀಟರು ಬಿಡುವುದು ಲೇಸು. ಮುಂಬಯಿಯಲ್ಲಿ 16 ಮೀಟರು ಹೆಚ್ಚು ಎತ್ತರದ ಕಟ್ಟಡವು 10 ಮೀಟರಿಗಿಂತ ಹತ್ತಿರವಿದ್ದರೆ ಮಾತ್ರ ಅಡ್ಡಿ. ಇದರಿಂದ ಮಾಡಿನ ನೆತ್ತಿಯನ್ನೇ ಏರಬೇಕೆಂಬ ನಿರ್ಬಂಧವಿಲ್ಲವೆಂದಾಯಿತು. ಅಂಗಳದ ಗಟ್ಟಿಗೋಡೆಯಾಗಲಿ, ನೆಲದಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದ ಕಂಬವಾಗಲಿ ಸಾಕು. ಕೈಗೆ ಎಟಕುವ ತಟ್ಟೆಯನ್ನು ಒರಸಬಹುದು, ಸರಿಪಡಿಸಬಹುದು. ಪಾಚಿ ಕಟ್ಟಿದ ಹಂಚಿನ ಮೇಲೆ ಕಾಲಿಡುವ ಪ್ರಮೇಯವೇ ಬಾರದು. ಚಿತ್ರಕ್ಕಿಂತ ಪ್ರಾಣ ದೊಡ್ಡದಲ್ಲವೆ?

ಮಳೆಯ ಹನಿಗಳು ಈ ತರಂಗವನ್ನು ಹೀರಿಕೊಳ್ಳುತ್ತವೆ. ಆದುದರಿಂದ ಬೇಸಗೆಯಲ್ಲಿ ಚಿತ್ರವು ಬಂದಿತೆಂದು ತೃಪ್ತರಾಗದೆ, ಪರದೆಯ ಮೇಲೆ ತೋರುವ ಗುಣಮಟ್ಟದ ಅಂಕಿಯು ಇನ್ನು ಏರದು ಎನ್ನುವವರೆಗೂ ತಟ್ಟೆಯನ್ನು ಕೂದಲೆಳೆಯಷ್ಟಾಗಿ ತಿರುಗಿಸಿ ಬಿಗಿಯತಕ್ಕದ್ದು. 90 ಸೆಂಟಿಮೀಟರಿನ ತಟ್ಟೆಯು 60 ಸೆಂಟಿಮೀಟರಿನದಕ್ಕಿಂತ ಎರಡೂಕಾಲು ಪಾಲು ಸಂಕೇತವನ್ನು ಸಂಗ್ರಹಿಸುತ್ತದೆಂಬುದನ್ನು ಕರಾವಳಿ, ಮಲೆನಾಡಿನವರು ಗಮನಿಸಬೇಕು.

ಇನ್ನು ಹಂಚಿಕೆಯ ವಿಚಾರ. ಚಾವಡಿಗೊಂದು, ತಾಯಿಯ ಕೋಣೆಗೊಂದು ಟಿ.ವಿ. ಬೇಕೆಂದಾಗ, ಅಥವಾ ಹೋಟೆಲಿನ ಹುಡುಗರಿರುವ ಎರಡು ಮೂರು ಖೋಲಿಗಳಿಗೆ ಒಂದೇ ತಟ್ಟೆಯಿಂದ ಕೊಡಬೇಕೆಂದಾಗ, ಪೇಟೆಯಲ್ಲಿ ಮೊದಲು ಕೈಗೆ ಸಿಗುವುದು ಸ್ಪ್ಲಿಟರು. ಸಾಂಬಾರಿಗೆ ನೀರು ಬೆರೆಸಿದರೆ ಎಲೆಗಳ ಸಂಖ್ಯೆ ಹೆಚ್ಚಬಹುದು, ರುಚಿ ಹೆಚ್ಚದು. ಎರಡು ಕವಲು ಮಾಡಿದರೆ ಪ್ರತಿಯೊಂದಕ್ಕೂ ಅರ್ಧಕ್ಕಿಂತ ಕಡಿಮೆ, ನಾಲ್ಕು ಮಾಡಿದರೆ ಕಾಲಿಗಿಂತ ಕಡಿಮೆ. ಸಾಮಾನ್ಯ ಕೇಬಲು ಕೂಡ 1,000 ಮೆಗಾಹರ್ಟ್ಜಿನಲ್ಲಿ ಪ್ರತಿ 10 ಮೀಟರಿಗೆ ಮೂರನೆಯ ಒಂದು ಭಾಗವನ್ನು ನುಂಗುತ್ತದೆ. ಬೂಸ್ಟರನ್ನು ಕೂಡಿಸಿದರೆ ಸರಿಹೋದೀತೆಂದು ಹಲವರು ನಂಬಿ ಹಣ ತೆರುತ್ತಾರೆ. ಆದರೆ ಅದು ಸಂಕೇತದೊಡನೆ ಗದ್ದಲವನ್ನೂ ಹಿಗ್ಗಿಸುತ್ತದೆ; ದುರ್ಬಲವಾಗಿ ಬಂದುದನ್ನು ಶುದ್ಧಗೊಳಿಸಲಾರದು.

ತಟ್ಟೆಯ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಟಿ.ವಿ.ಯ ಬಳಿಯಿರುವ ಪೆಟ್ಟಿಗೆಯು ಅದೇ ಕೇಬಲಿನ ಮೂಲಕ ತಟ್ಟೆಯ ಮೂತಿಯಲ್ಲಿರುವ ಎಲ್.ಎನ್.ಬಿ.ಗೆ 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಕಳುಹಿಸಿ, ಲಂಬ ತರಂಗ ಬೇಕೋ ಅಡ್ಡ ತರಂಗ ಬೇಕೋ ಎಂಬುದನ್ನು ತಿಳಿಸುತ್ತದೆ. ಒಂದೇ ಬಾಯಿಯ ಎಲ್.ಎನ್.ಬಿ.ಗೆ ಎರಡು ಪೆಟ್ಟಿಗೆಗಳು ಬೇರೆ ಬೇರೆ ಆಜ್ಞೆ ಕೊಟ್ಟರೆ ಒಬ್ಬರ ಚಿತ್ರ ಮಾಯವಾಗುತ್ತದೆ, ಖೋಲಿಯಲ್ಲಿ ಜಗಳ ಹುಟ್ಟುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡು ಅಥವಾ ನಾಲ್ಕು ಬಾಯಿಗಳುಳ್ಳ ಎಲ್.ಎನ್.ಬಿ.ಯನ್ನು ತಂದು, ಪ್ರತಿ ಕೋಣೆಗೂ ನಡುವೆ ಜೋಡಣೆಯಿಲ್ಲದ ಪ್ರತ್ಯೇಕ ಕೇಬಲನ್ನು ಎಳೆಯುವುದು. ಅಟ್ಟವು ಉಪಯೋಗಕ್ಕೆ ಬರುವುದು ಇಲ್ಲಿ: ತಟ್ಟೆ ಹೊರಗಿರಲಿ, ಕೇಬಲುಗಳು ಅಟ್ಟದ ಮೂಲಕ ಹಾದು ಕೋಣೆಕೋಣೆಗೆ ಇಳಿಯಲಿ. ಎಲ್ಲರೂ ಒಂದೇ ವಾಹಿನಿಯನ್ನು ನೋಡುವುದಾದರೆ, ಒಂದೇ ಪೆಟ್ಟಿಗೆಯಿಂದ ಹೊರಡುವ ಚಿತ್ರವನ್ನು ಎರಡು ಟಿ.ವಿ.ಗಳಿಗೆ ಹಂಚಿಕೊಳ್ಳುವುದೇ ಅಗ್ಗದ ದಾರಿ.

ಕೇಬಲನ್ನು ವಿದ್ಯುತ್ ತಂತಿಯ ಸಮೀಪದಲ್ಲಿ ಒಯ್ಯಕೂಡದು. ಕಂಬವನ್ನು ನೆಲಕ್ಕೆ ಅರ್ತಿಂಗ್ ಮಾಡಿಸಬೇಕು. ಗುಡುಗಿನ ಮುನ್ಸೂಚನೆ ಕಂಡೊಡನೆ ಪ್ಲಗ್ಗನ್ನೂ ಕೇಬಲನ್ನೂ ಕಳಚಿಡಬೇಕು. ಸಿಡಿಲು ಹತ್ತಿರ ಬಂದ ಮೇಲೆ ಅವುಗಳನ್ನು ಮುಟ್ಟಬಾರದು. ಹೊರಗಿನ ಜೋಡಣೆಗಳಲ್ಲಿ ನೀರು ಇಳಿಯದಂತೆ ರಬ್ಬರು ಪಟ್ಟಿಯನ್ನು ಸುತ್ತಿ, ಗೋಡೆಯನ್ನು ಹೊಗುವ ಮುನ್ನ ಕೇಬಲನ್ನು ಒಮ್ಮೆ ಕೆಳಗೆ ಬಳುಕಿಸಿದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಈ ಕೆಲಸವನ್ನು ರಜೆಯ ಕಡೆಯ ದಿನಕ್ಕೆ ಉಳಿಸದೆ ಮೊದಲ ವಾರದಲ್ಲಿಯೇ ಮುಗಿಸಿರಿ. ಯಾವ ಕೇಬಲು ಯಾವ ಕೋಣೆಗೆ ಹೋಗಿದೆ, ತಟ್ಟೆಯು ಎತ್ತ ನೋಡುತ್ತಿದೆ, ಚಿತ್ರ ನಿಂತರೆ ಮೊದಲು ಯಾವ ಜೋಡಣೆಯನ್ನು ಮುಟ್ಟಿನೋಡಬೇಕು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿರಿ. ಜಡಿಮಳೆಯಲ್ಲಿ ಚಿತ್ರವು ಸ್ವಲ್ಪ ಹೊತ್ತು ಮರೆಯಾಗುವುದು ಸಹಜ, ಮಳೆ ಇಳಿದೊಡನೆ ತಾನಾಗಿ ಬರುತ್ತದೆ ಎಂಬುದನ್ನೂ ಅದರಲ್ಲಿ ಸೇರಿಸಿರಿ. ಆಗ ವೃದ್ಧರು ವೃಥಾ ಗಾಬರಿಗೊಳ್ಳುವುದು ತಪ್ಪುತ್ತದೆ. ನೆರೆಮನೆಯ ಹುಡುಗನೊಬ್ಬನು ಬಂದರೂ ಆ ಕಾಗದವನ್ನು ಓದಿ ಸರಿಪಡಿಸಬಲ್ಲನು.