ಯಾತ್ರೆಯ ಗಂಟು

ಶಿವರಾತ್ರಿ ಸಮೀಪಿಸಿತೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಲೆಯ ಮಹದೇಶ್ವರನ ಬೆಟ್ಟದ ಮಾತು ಕೇಳಿಬರತೊಡಗುತ್ತದೆ. ಹೊಲದ ಕೆಲಸ ಹಗುರವಾಗಿರುತ್ತದೆ; ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿರುತ್ತದೆ; ಹರಕೆ ಹೊತ್ತವರು ಜೊತೆಗಾರರನ್ನು ಹುಡುಕುತ್ತಾರೆ. ಬಸ್ಸಿನ ಸೌಕರ್ಯ ಬೇಕಾದಷ್ಟಿರುವ ಈ ಕಾಲದಲ್ಲಿಯೂ ನಡೆದೇ ಹೋಗಿ ದರ್ಶನ ಮಾಡಬೇಕೆಂಬ ಸಂಕಲ್ಪವುಳ್ಳ ಗೃಹಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಮೈಸೂರಿನಿಂದ ಬೆಟ್ಟಕ್ಕೆ ಸುಮಾರು ೧೫೦ ಕಿಲೋಮೀಟರು. ಹುಣಸೂರಿನಿಂದ ಎಣಿಸಿದರೆ ೨೦೦ಕ್ಕೆ ಸಮೀಪವಾಗುತ್ತದೆ. ಬಿಳಿಕೆರೆ, ಇಲವಾಲ, ಮೈಸೂರು, ತಿರುಮಕೂಡಲು ನರಸೀಪುರ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ ಎಂದು ಹೆಸರು ಹೇಳುವುದಕ್ಕೆ ಒಂದು ನಿಮಿಷ ಸಾಕು. ನಡೆಯುವುದಕ್ಕೆ ಒಂದು ವಾರ ಬೇಕು.

ಇಂಥ ಯಾತ್ರೆಗೆ ಹೊರಡುವವರು ದಾರಿಯನ್ನು ವಿಚಾರಿಸುತ್ತಾರೆ, ಒಳ್ಳೆಯ ದಿನವನ್ನು ನೋಡುತ್ತಾರೆ, ಹರಕೆಯ ಲೆಕ್ಕವನ್ನು ಮಾಡುತ್ತಾರೆ. ಬೆನ್ನಿಗೆ ಕಟ್ಟಿಕೊಳ್ಳುವ ಗಂಟಿನ ವಿಚಾರವನ್ನು ಮಾತ್ರ ಮಾಡುವವರು ವಿರಳ. ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲರೂ ತಮತಮಗೆ ತೋಚಿದುದನ್ನು ಅದರೊಳಗೆ ತುಂಬುತ್ತಾರೆ. ಹಾಗೆ ತುಂಬಿದ ಗಂಟಿನಿಂದ ಏನಾಗಬಹುದೆಂಬುದನ್ನು ನಾವು ಸ್ವಾನುಭವದಿಂದ ಅರಿತಿದ್ದೇವೆ. ನಮ್ಮ ತಪ್ಪನ್ನು ಹೇಳಿಕೊಳ್ಳುವುದರಿಂದ ನಾಲ್ಕು ಮಂದಿಗೆ ಉಪಕಾರವಾಗುವುದಾದರೆ ಸಂಕೋಚಪಡುವುದೇಕೆ?

ಕೆಲವು ವರ್ಷಗಳ ಹಿಂದೆ ಏಳು ಮಂದಿಯ ತಂಡವೊಂದರಲ್ಲಿ ನಾವು ಬೆಟ್ಟಕ್ಕೆ ಹೊರಟೆವು. ನಮ್ಮ ತಂಗಿಯ ಮಗನೂ ಜೊತೆಗಿದ್ದನು. ಇಪ್ಪತ್ತರ ಹುಡುಗ, ಗುರುಹಿರಿಯರೆಂದರೆ ಭಕ್ತಿ. “ಅಣ್ಣ, ಇವನನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ” ಎಂದು ತಂಗಿ ಹೇಳಿ ಕಳುಹಿಸಿದಳು. ನಮ್ಮ ಗಂಟಿನಲ್ಲಿ ಇಲ್ಲದ ವಸ್ತುವೇ ಇರಲಿಲ್ಲ. ಒಂದು ದಪ್ಪ ಕಂಬಳಿ, ಮೂರು ಜೊತೆ ಪಂಚೆ, ಹಿತ್ತಾಳೆಯ ಚೊಂಬು, ಪೂಜೆಯ ಪೆಟ್ಟಿಗೆ, ದಾರಿಯಲ್ಲಿ ಓದಲೆಂದು ಎರಡು ಪುಸ್ತಕ, ಉಪ್ಪಿನಕಾಯಿಯ ಜಾಡಿ, ತಂಗಿ ಕರಿದು ಕಟ್ಟಿದ ಎರಡು ಕಿಲೋ ಕೋಡುಬಳೆ. ಮೂರನೆಯ ದಿನ ನಮ್ಮ ಭುಜ ನೋಯತೊಡಗಿತು. ಹುಡುಗನು ನಾವು ಬೇಡವೆಂದರೂ ಗಂಟನ್ನು ತೆಗೆದುಕೊಂಡು ತನ್ನ ಗಂಟಿನ ಮೇಲೆ ಹೇರಿಕೊಂಡನು. ನಾವು ಕೋಲನ್ನು ಊರಿಕೊಂಡು, ಹಗುರವಾದ ಮೈಯಿಂದ, ಜೊತೆಯವರಿಗೆ ಪುರಾಣದ ಕಥೆಗಳನ್ನು ಹೇಳುತ್ತ ಮುಂದೆ ನಡೆದೆವು.

ಐದನೆಯ ದಿನ ಕೊಳ್ಳೇಗಾಲವನ್ನು ಬಿಟ್ಟು ಹನೂರಿನ ದಾರಿಯನ್ನು ಹಿಡಿದಿದ್ದೆವು. ಬಿಸಿಲು ನೆತ್ತಿಗೇರಿತ್ತು. ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡುವಾಗ ಹುಡುಗನು ರಸ್ತೆಯ ಬದಿಯ ಹುಣಸೆಮರಕ್ಕೆ ಒರಗಿ ಕುಳಿತಿದ್ದನು. ತುಟಿ ಒಣಗಿತ್ತು, ಕಾಲಿನ ಮೀನಖಂಡ ಸೆಟೆದು ಗಟ್ಟಿಯಾಗಿತ್ತು, ಎರಡು ಸಲ ವಾಂತಿಯಾಯಿತು, ನಾವು ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರವನ್ನು ಕೊಟ್ಟನು. ಅವನ ನೀರಿನ ಸೀಸೆ ಬೆಳಿಗ್ಗೆಯೇ ಬರಿದಾಗಿದ್ದಿತು. ಇನ್ನೊಂದು ಸೀಸೆಗೆ ಗಂಟಿನಲ್ಲಿ ಸ್ಥಳವಿಲ್ಲವೆಂದು ಅದನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದನು. ಆ ಸ್ಥಳವನ್ನು ಆಕ್ರಮಿಸಿದ್ದುದು ನಮ್ಮ ಪುಸ್ತಕಗಳು.

ದಾರಿಯಲ್ಲಿ ಹೋಗುತ್ತಿದ್ದ ಸರಕಿನ ಆಟೋವೊಂದನ್ನು ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ರಕ್ತನಾಳದ ಮೂಲಕ ಲವಣದ್ರಾವಣವನ್ನು ಕೊಟ್ಟು, “ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಾಗುತ್ತಿತ್ತು” ಎಂದರು. ಅಲ್ಲಿದ್ದ ತೂಕದ ಯಂತ್ರದ ಮೇಲೆ ಎರಡು ಗಂಟುಗಳನ್ನೂ ಇರಿಸಿ ನೋಡಿದೆವು: ಅವನದು ೪ ಕಿಲೋ, ನಮ್ಮದು ೯.೫ ಕಿಲೋ, ಒಟ್ಟು ೧೩.೫. ಹುಡುಗನ ತೂಕ ೫೪. ತನ್ನ ದೇಹದ ನಾಲ್ಕರಲ್ಲೊಂದು ಪಾಲನ್ನು ಆ ಬಿಸಿಲಿನಲ್ಲಿ ಅವನು ಎರಡು ದಿನ ಹೊತ್ತಿದ್ದನು. ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ. ಮರುದಿನ ಚೇತರಿಸಿಕೊಂಡನು. ನಾವಿಬ್ಬರೂ ಬಸ್ಸಿನಲ್ಲಿ ಹಿಂದಿರುಗಿದೆವು. ತಂಗಿಗೆ ಮುಖ ತೋರಿಸಿದ ಆ ಸಂಜೆಯನ್ನು ನಾವು ಮರೆತಿಲ್ಲ. ಅವಳು ಒಂದು ಮಾತನ್ನೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸಂಸ್ಕೃತವನ್ನು ಮಕ್ಕಳಿಗೆ ಪಾಠ ಹೇಳುತ್ತ ಆಯುಷ್ಯವನ್ನು ಕಳೆದ ನಮಗೆ ಆ ರಾತ್ರಿ ಒಂದು ವಿಷಯ ಮನಸ್ಸಿಗೆ ನಾಟಿತು. ಲೋಕದಲ್ಲಿ ಗೌರವವೆಂದರೆ ಮರ್ಯಾದೆ. ಶಾಸ್ತ್ರದಲ್ಲಿಯಾದರೋ ಗೌರವವೆಂಬುದು ಒಂದು ದೋಷ. ಸ್ವಲ್ಪದರಿಂದ ಸಾಧ್ಯವಾಗುವ ಕಾರ್ಯಕ್ಕೆ ಹೆಚ್ಚನ್ನು ಕಲ್ಪಿಸಿದವನ ವಾದಕ್ಕೆ ತಾರ್ಕಿಕರು ಗೌರವದೋಷವನ್ನು ಹೇಳುತ್ತಾರೆ. ಅದಕ್ಕೆ ವಿರುದ್ಧವಾದ ಲಾಘವವೇ ಗುಣ. ಪಾಣಿನಿಯು ಸುಮಾರು ೪೦೦೦ ಸೂತ್ರಗಳಲ್ಲಿ ಒಂದು ಮಹಾಭಾಷೆಯ ವ್ಯಾಕರಣವನ್ನು ಅಡಗಿಸಿದುದು ಈ ಲಾಘವದ ಬಲದಿಂದಲೇ. ಅವನ ಉಪಾಯಗಳಲ್ಲಿ ಮುಖ್ಯವಾದುದು ಅನುವೃತ್ತಿ: ಒಂದು ಸೂತ್ರದಲ್ಲಿ ಹೇಳಿದ ಪದವು ಮುಂದಿನ ಸೂತ್ರಗಳಿಗೂ ಹರಿದು ಬರುತ್ತದೆ, ಮತ್ತೆ ಹೇಳಬೇಕಾದುದಿಲ್ಲ. ಇದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆವೋ! ನಮ್ಮ ಗಂಟಿಗೆ ಮಾತ್ರ ಅನ್ವಯಿಸಲಿಲ್ಲ.

ಮಹದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರನ್ನು ವಾಚಕರು ನೋಡಿಯೇ ಇರುತ್ತೀರಿ. ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ ಮತ್ತು ಕಂಸಾಳೆ. ಆ ದಾರಿಯ ನಿಜವಾದ ಪಂಡಿತರು ಅವರೇ. ಅವರನ್ನು ನೋಡಿ ಕಲಿತು, ಕಾಡುಬೆಟ್ಟಗಳನ್ನು ತಿರುಗುವ ಅಭ್ಯಾಸವುಳ್ಳ ತರುಣರನ್ನು ಕೇಳಿ ತಿಳಿದು, ಮರುವರ್ಷ ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದಾಗಿ, ಗಂಟನ್ನು ತಕ್ಕಡಿಗೆ ಹಾಕಬೇಕು. ಕೈಯಿಂದ ಎತ್ತಿ ನೋಡಿ “ಹಗುರವಾಗಿದೆ” ಎನ್ನುವುದು ಪ್ರಮಾಣವಲ್ಲ. ಮನೆಯ ಜಗಲಿಯ ಮೇಲೆ ಯಾವ ಗಂಟಾದರೂ ಹಗುರವೇ. ವಯಸ್ಸಾದವರು ತಮ್ಮ ದೇಹದ ತೂಕದ ಹತ್ತರಲ್ಲೊಂದು ಪಾಲಿಗೆ ಮೀರದಂತೆ ನೋಡಿಕೊಳ್ಳತಕ್ಕದ್ದು. ಗಟ್ಟಿಮುಟ್ಟಾದ ತರುಣರಿಗೂ ಐದರಲ್ಲೊಂದು ಪಾಲೇ ಪರಮಾವಧಿ. ಬಿಸಿಲುಗಾಲದಲ್ಲಿ ಅದಕ್ಕಿಂತ ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ. ಈ ಲೆಕ್ಕದಲ್ಲಿ ನೀರೂ ಸೇರಬೇಕು. ಒಂದು ಲೀಟರು ನೀರೆಂದರೆ ಒಂದು ಕಿಲೋ.

ಎರಡನೆಯದಾಗಿ, ಒಯ್ಯಬೇಕೆಂದು ತೋರಿದುದನ್ನೆಲ್ಲ ಚಾಪೆಯ ಮೇಲೆ ಹರಡಿ ಮೂರು ರಾಶಿ ಮಾಡಬೇಕು. ಯಾವುದಿಲ್ಲದೆ ಪ್ರಾಣಕ್ಕೋ ಕಾಲಿಗೋ ಅಪಾಯವೋ ಅದು ಮೊದಲನೆಯ ರಾಶಿ. ಯಾವುದು ದಿನವೂ ತಪ್ಪದೆ ಉಪಯೋಗಕ್ಕೆ ಬರುವುದೋ ಅದು ಎರಡನೆಯದು. “ಒಂದು ವೇಳೆ ಬೇಕಾದರೆ?” ಎಂದು ಇಟ್ಟುಕೊಂಡದ್ದು ಮೂರನೆಯದು. ಈ ಮೂರನೆಯ ರಾಶಿಯು ಆಡಿನ ಕೊರಳಿನ ಮೊಲೆಯ ಹಾಗೆ. ಜೋತಾಡುವುದಲ್ಲದೆ ಹಾಲು ಕೊಡದು. ಅದನ್ನು ಹಾಗೆಯೇ ಬೀರುವಿಗೆ ಹಿಂದಿರುಗಿಸಬೇಕು. ಔಷಧ ಮಾತ್ರ ಇದಕ್ಕೆ ಅಪವಾದ.

ಮೂರನೆಯದಾಗಿ, ಒಂದು ವಸ್ತುವಿನಿಂದ ಹಲವು ಕೆಲಸವಾಗಬೇಕು. ಇದೇ ಗಂಟಿನ ಅನುವೃತ್ತಿ. ತೆಳುವಾದ ಒಂದು ಅಂಗವಸ್ತ್ರವು ಮೈ ಒರೆಸುತ್ತದೆ, ಬಿಸಿಲಿಗೆ ತಲೆಯ ಮೇಲೆ ಬರುತ್ತದೆ, ರಾತ್ರಿ ಮಡಿಸಿದರೆ ದಿಂಬಾಗುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ದಪ್ಪನೆಯ ಟವೆಲು ಇವುಗಳಲ್ಲಿ ಮೊದಲನೆಯದೊಂದನ್ನೇ ಮಾಡಿ ದಿನವೆಲ್ಲ ಒದ್ದೆಯಾಗಿರುತ್ತದೆ. ಉಟ್ಟದ್ದೊಂದು, ಗಂಟಿನಲ್ಲೊಂದು, ಮೂರನೆಯ ಜೊತೆ ಬಟ್ಟೆಯ ಅಗತ್ಯವಿಲ್ಲ. ಬೀಡು ಬಿಟ್ಟ ಕೂಡಲೆ ಒಗೆದು ಹರವಿದರಾಯಿತು. ಪುಸ್ತಕ, ಗಡಿಯಾರ, ಬ್ಯಾಟರಿ ದೀಪ ಈ ಮೂರರ ಕೆಲಸವನ್ನೂ ಈಗ ಮೊಬೈಲ್ ಫೋನೊಂದೇ ಮಾಡುತ್ತದೆ. ಈ ಯಂತ್ರವನ್ನು ನಾವು ಮನೆಯಲ್ಲಿ ಬೈಯುವುದುಂಟು. ದಾರಿಯಲ್ಲಿ ಅದರ ಲಾಘವವನ್ನು ಒಪ್ಪಲೇಬೇಕಾಯಿತು.

ಇನ್ನು ಆಹಾರದ ವಿಚಾರ. ಶಿವರಾತ್ರಿಯ ಕಾಲದಲ್ಲಿ ಭಕ್ತರು ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಪಾನಕಗಳನ್ನು ಕೊಡುವ ಪದ್ಧತಿ ಇದೆ, ಬೆಟ್ಟದಲ್ಲಿ ದಾಸೋಹವಿದೆ. ಆದುದರಿಂದ ವಾರದ ಊಟವನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಶುದ್ಧ ಅವಿವೇಕ. ಎರಡು ಹೊತ್ತಿನ ಆಪತ್ತಿಗೆ ಆಗುವಷ್ಟು ಸಾಕು. ಅದಕ್ಕೆ ನಮ್ಮ ರಾಗಿಯ ಹುರಿಹಿಟ್ಟಿಗಿಂತ ಮಿಗಿಲಾದುದನ್ನು ನಾವು ಕಾಣೆವು. ಒಲೆ ಬೇಡ, ಪಾತ್ರೆ ಬೇಡ. ಬೆಲ್ಲದ ಚೂರು, ನೀರು ಅಥವಾ ಮಜ್ಜಿಗೆ ಇದ್ದರೆ ಲೋಟದಲ್ಲಿಯೇ ಕಲಸಿ ತಿನ್ನಬಹುದು. ಕರಿದ ತಿಂಡಿ ದಾಹವನ್ನು ಹೆಚ್ಚಿಸುತ್ತದೆ, ಜಾಗವನ್ನೂ ತಿನ್ನುತ್ತದೆ.

ಹುರಿದ ಹಿಟ್ಟಿನ ಮಹಿಮೆಗೆ ಸಾಕ್ಷಿ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ೧೯೫೯ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟ್ಟಿನ ಜನರು ಹಿಮಾಲಯದ ಕಣಿವೆಗಳನ್ನು ದಾಟಿ ಬಂದರು. ೧೯೬೧ರಲ್ಲಿ ಬೈಲುಕುಪ್ಪೆಯಲ್ಲಿ ಅವರಿಗೆ ನೆಲೆ ದೊರೆಯಿತು. ಆ ಜನರ ನಿತ್ಯಾಹಾರವು ತ್ಸಾಂಪಾ, ಎಂದರೆ ಜವೆಗೋಧಿಯನ್ನು ಹುರಿದು ಬೀಸಿದ ಹಿಟ್ಟು. ಚಹದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಧಾನ್ಯ ಬೇರೆ, ಉಪಾಯ ಒಂದೇ. ಮನೆಯನ್ನೇ ಬಿಟ್ಟು ನಡೆಯಬೇಕಾಗಿ ಬಂದವನು ಏನನ್ನು ಎತ್ತಿಕೊಳ್ಳುತ್ತಾನೆ, ಏನನ್ನು ಹೊಸ್ತಿಲಲ್ಲಿ ಬಿಡುತ್ತಾನೆ? ಗಂಟು ಕಟ್ಟುವಾಗ ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನೀರಿನಲ್ಲಿ ಮಾತ್ರ ಲಾಘವ ಸಲ್ಲದು. ಬಿಸಿಲಿನಲ್ಲಿ ನಡೆಯುವವನಿಗೆ ಗಂಟೆಗೆ ಸುಮಾರು ಅರ್ಧ ಲೀಟರು ಬೇಕಾಗುತ್ತದೆ. ಒಂದೂವರೆ ಲೀಟರು ಕೈಯಲ್ಲಿರಬೇಕು. ನೀರು ಸಿಕ್ಕಿದ ಕಡೆಯೆಲ್ಲ ತುಂಬಿಕೊಳ್ಳಬೇಕು. ದಾಹವಾಗುವ ಮುಂಚೆಯೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು. ಒಂದು ಲೀಟರು ಶುದ್ಧವಾದ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ ಅಳೆದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಈ ಅಳತೆ ತಪ್ಪಬಾರದು. ಪೊಟ್ಟಣ ಕಟ್ಟಿದರೆ ಇದು ಒಂದು ಹಿಡಿಯೂ ಆಗುವುದಿಲ್ಲ. ತಲೆನೋವು, ಮೀನಖಂಡದ ಸೆಳೆತ, ವಾಂತಿ ಕಂಡುಬಂದರೆ ಕೂಡಲೆ ನೆರಳಿಗೆ ಸೇರಿಸಿ, ಮೈಯನ್ನು ಒದ್ದೆಬಟ್ಟೆಯಿಂದ ತಂಪು ಮಾಡಿ, ಈ ನೀರನ್ನು ಕೊಡಬೇಕು. ಮಾತು ತೊದಲಿದರೆ ಆಸ್ಪತ್ರೆಗೆ ಒಯ್ಯುವುದರಲ್ಲಿ ಕ್ಷಣವೂ ತಡಮಾಡಬಾರದು. ಬೆಳಗಿನ ಜಾವ ಹೊರಟು ಹತ್ತು ಗಂಟೆಯೊಳಗೆ ನಿಲ್ಲುವುದು, ಸಂಜೆ ಮತ್ತೆ ಸ್ವಲ್ಪ ನಡೆಯುವುದು ಉತ್ತಮ.

ಬರಿಗಾಲಿನ ಹರಕೆಯವರು ಮಧ್ಯಾಹ್ನದ ಟಾರು ರಸ್ತೆಯನ್ನು ತಪ್ಪಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ತಿಳಿಯುವುದೇ ಇಲ್ಲ. ಅವರು ಪಾದರಕ್ಷೆಯನ್ನು ಬಿಡಲಾಗದು. ಹೊಸ ಪಾದರಕ್ಷೆ ಯಾರಿಗೂ ಬೇಡ. ಗಂಟನ್ನು ಒಂದೇ ಹೆಗಲಿಗೆ ತಗುಲಿಸದೆ ಎರಡು ಪಟ್ಟಿಯ ಚೀಲದಲ್ಲಿ ಬೆನ್ನಿಗೆ ಕಟ್ಟಬೇಕು. ಭಾರವಾದುದು ಬೆನ್ನಿಗೆ ಒತ್ತಿದಂತೆ ನಡುವೆ, ಹಗುರವಾದುದು ಕೆಳಗೆ, ನೀರು ಕೈಗೆಟುಕುವಂತೆ ಪಕ್ಕದಲ್ಲಿ ಇರಬೇಕು.

ಇನ್ನೊಂದು ಮಾತು. ಮಲೆಯ ಮಹದೇಶ್ವರನ ಕಾಡು ೨೦೧೩ರಿಂದ ವನ್ಯಜೀವಿಧಾಮವಾಗಿದೆ. ತಾಳಬೆಟ್ಟದಿಂದ ಮೇಲಕ್ಕೆ ಕತ್ತಲಲ್ಲಿ ನಡೆಯಬಾರದು, ಗುಂಪನ್ನು ಅಗಲಬಾರದು. ಅರಣ್ಯದವರು ಬೇಡವೆಂದ ಹೊತ್ತಿನಲ್ಲಿ ನಿಲ್ಲಬೇಕು. ಒಯ್ದ ಕಾಗದ, ಪ್ಲಾಸ್ಟಿಕ್ಕುಗಳು ಗಂಟಿನಲ್ಲಿಯೇ ಹಿಂದಿರುಗಬೇಕು. ಹುಲಿಯನ್ನೇರಿದ ದೇವರ ದರ್ಶನಕ್ಕೆ ಹೋಗಿ ಹುಲಿಯ ಮನೆಯನ್ನು ಹೊಲಸು ಮಾಡುವುದು ಭಕ್ತಿಯಲ್ಲ. ಕೊಡಗಿನ ತಡಿಯಂಡಮೋಳ್, ಕುಕ್ಕೆಯ ಕುಮಾರಪರ್ವತ ಮುಂತಾದ ಬೆಟ್ಟಗಳಿಗೆ ಹೋಗುವ ನಮ್ಮ ಊರಿನ ತರುಣರಿಗೂ ಇದೇ ಕ್ರಮ. ಅಪ್ಪಣೆ ಪಡೆದು ಹೋಗಬೇಕೆಂಬುದೊಂದು ಹೆಚ್ಚು.

ಮರುವರ್ಷದ ನಮ್ಮ ಗಂಟಿನ ಲೆಕ್ಕ ಹೀಗಿತ್ತು: ಚೀಲ ೫೦೦ ಗ್ರಾಂ, ಪಂಚೆ, ಅಂಗಿ ೫೦೦, ಅಂಗವಸ್ತ್ರ ೧೫೦, ತೆಳು ಹೊದಿಕೆ ೮೦೦, ನೆಲಕ್ಕೆ ಹಾಸುವ ಹಾಳೆ ೨೦೦, ಹುರಿಹಿಟ್ಟು, ಬೆಲ್ಲ ೫೦೦, ಲೋಟ ೧೦೦, ಔಷಧ, ಸೂಜಿದಾರ, ಉಪ್ಪುಸಕ್ಕರೆ ೧೫೦, ಫೋನು ಮತ್ತು ಅದರ ಸಾಮಾನು ೨೦೦, ಸೀಸೆಗಳೂ ನೀರೂ ಸೇರಿ ೧೬೫೦. ಒಟ್ಟು ೪ ಕಿಲೋ ೭೫೦ ಗ್ರಾಂ. ಹಿಂದಿನ ವರ್ಷದ ಗಂಟಿನ ಅರ್ಧ. ಅದನ್ನು ಬೆಟ್ಟದವರೆಗೂ ನಾವೇ ಹೊತ್ತೆವು.

ವಾಚಕ ಮಹಾಶಯರು ಒಂದು ಸಂಗತಿಯನ್ನು ನೆನಪಿಡಬೇಕು. ಗಂಟು ಭಾರವಾಗುವುದು ಬಹುಮಟ್ಟಿಗೆ ಪ್ರೀತಿಯಿಂದ. ತಾಯಿ ಕೋಡುಬಳೆಯನ್ನಿಡುತ್ತಾಳೆ, ಹೆಂಡತಿ ಇನ್ನೊಂದು ಹೊದಿಕೆಯನ್ನಿಡುತ್ತಾಳೆ. ಬೇಡವೆಂದರೆ ಮನಸ್ಸು ನೋಯುತ್ತದೆಂದು ಯಾತ್ರಿಕನು ಸುಮ್ಮನಿರುತ್ತಾನೆ. ಅದಕ್ಕಾಗಿ ಗಂಟು ಕಟ್ಟುವಾಗ ಮನೆಯವರೆಲ್ಲರೂ ತಕ್ಕಡಿಯ ಸುತ್ತ ಕುಳಿತಿರುವುದು ಮೇಲು.

ನಾವು ಎರಡನೆಯ ಸಲ ಹೊರಟ ಹಿಂದಿನ ರಾತ್ರಿ ಹುಡುಗನೂ ಬರುತ್ತೇನೆಂದು ಹಟಹಿಡಿದನು. ತಂಗಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಡಿಗೆಯ ಮನೆಗೆ ಹೋಗಿ ಉಪ್ಪು, ಸಕ್ಕರೆಯ ಡಬ್ಬಗಳನ್ನು ತಂದು ನಮ್ಮ ಎದುರಿಗೆ ಕುಳಿತಳು. “ಅಣ್ಣ, ಅಳತೆ ಹೇಳು” ಎಂದಳು. ನಾವು ಹೇಳುತ್ತಿದ್ದಂತೆ ಚಮಚದ ಮೇಲ್ಭಾಗವನ್ನು ಬೆರಳಿನಿಂದ ಸವರಿ ಮಟ್ಟ ಮಾಡುತ್ತ ಏಳು ದಿನಕ್ಕೆ ಹದಿನಾಲ್ಕು ಪೊಟ್ಟಣಗಳನ್ನು ಕಟ್ಟಿದಳು. ಏಳನ್ನು ಅವನ ಚೀಲದಲ್ಲಿ, ಏಳನ್ನು ನಮ್ಮ ಚೀಲದಲ್ಲಿ ಇರಿಸಿ, ಎರಡನ್ನೂ ತಾನೇ ಎತ್ತಿ ನೋಡಿ, ಹೋಗಿಬನ್ನಿ ಎಂದಳು.